ಹೆಸರಿನ ನಿಷ್ಪತ್ತಿಯೂ ಇಟ್ಟವರ ಆಶಯವೂ

ಪದದ ನಿಷ್ಪತ್ತಿಯನ್ನು ಹೇಳಿದರೆ ಹೆಸರಿನ ಅರ್ಥವನ್ನೂ ಹೇಳಿದಂತಾಯಿತೆಂಬ ಭಾವನೆ ವ್ಯಕ್ತಿನಾಮಗಳ ಅಧ್ಯಯನದಲ್ಲಿ ಬೇರೂರಿದೆ. ಅಷ್ಟೇ ಸಾಲದೆಂಬುದಕ್ಕೆ ಗಂಡುಮಕ್ಕಳಿಗೆ ಇಡುವ ‘ಕ್ಸೇವಿಯರ್’ ಎಂಬ ಹೆಸರು ಉತ್ತಮ ನಿದರ್ಶನ. ಇದರ ಮೂಲ ಬಾಸ್ಕ್ ಭಾಷೆಯ ‘ಎಚೆ ಬೆರಿ’. ಎಚೆ ಎಂದರೆ ಮನೆ, ಬೆರಿ ಎಂದರೆ ಹೊಸದು. ಕನ್ನಡದ ‘ಹೊಸಮನೆ’ ಎಂಬ ಮನೆತನದ ಹೆಸರಿಗೂ ಇದೇ ಅರ್ಥ.

ಇಂದಿನ ಸ್ಪೇನಿನ ಉತ್ತರಕ್ಕಿರುವ ನವಾರ್ರಾ ಸೀಮೆಯ ಒಂದು ಕೋಟೆಗೆ ಈ ಹೆಸರಿತ್ತು. ಅಲ್ಲಿ 1506ರಲ್ಲಿ ಜನಿಸಿದ ಫ್ರಾನ್ಸಿಸ್ ಅವರಿಗೆ ಅದೇ ಕುಲನಾಮವಾಯಿತು. ಅವರು 1542ರಲ್ಲಿ ಗೋವೆಗೆ ಬಂದರು; 1552ರಲ್ಲಿ ಚೀನಾ ಕರಾವಳಿಯ ದ್ವೀಪವೊಂದರಲ್ಲಿ ನಿಧನರಾದರು; 1622ರಲ್ಲಿ ಅವರನ್ನು ಸಂತರೆಂದು ಘೋಷಿಸಲಾಯಿತು. ಸಂತಭಕ್ತಿಯೊಡನೆ ಆ ಕುಲನಾಮವೇ ಮಕ್ಕಳ ಹೆಸರಾಗಿ ಹರಡಿತು.

ಮಂಗಳೂರು ಸೀಮೆಯ ಕ್ರೈಸ್ತ ಕುಟುಂಬವೊಂದು ಮಗುವನ್ನು ಹೀಗೆ ಕರೆಯುವಾಗ ನೆನೆಯುವುದು ಸಂತರನ್ನು, ಹೊಸ ಮನೆಯನ್ನಲ್ಲ. ಮನೆ, ಮನೆತನ, ಸಂತ, ಮಗು ಎಂಬ ನಾಲ್ಕು ನೆಲೆಗಳನ್ನು ಈ ಹೆಸರು ದಾಟಿ ಬಂದಿದೆ. ಮೊದಲನೆಯದನ್ನಷ್ಟೇ ದಾಖಲಿಸುವ ನಾಮಕೋಶವು ಪದದ ಚರಿತ್ರೆಯನ್ನು ಉಳಿಸಿ ಜನರ ಚರಿತ್ರೆಯನ್ನು ಕೈಬಿಡುತ್ತದೆ. ನಿಷ್ಪತ್ತಿಯೊಡನೆ ಹೆಸರಿಟ್ಟ ಕಾರಣವನ್ನೂ ಕೇಳುವುದು ಸಂಶೋಧಕರ ಹೊಣೆ.