ಒಂದು ರುಜು, ಹಲವು ಬಾಗಿಲು

ಕಳೆದ ತಿಂಗಳು ನಮ್ಮ ವಾಚಕರಲ್ಲಿ ಒಬ್ಬ ಸೋದರಿಯವರು ಕಾಗದ ಬರೆದು ಒಂದು ಸಂಶಯವನ್ನು ಮುಂದಿಟ್ಟಿರುವರು. "ಮಗನ ಮೊಬೈಲಿನಲ್ಲಿ ಪುಸ್ತಕದಂಗಡಿಯೊಂದರ ಜಾಲತಾಣವನ್ನು ಹೊಸದಾಗಿ ತೆರೆದೆವು. ಈಗಾಗಲೇ ಇರುವ ನಿಮ್ಮ ಅಂಚೆಯ ಖಾತೆಯಿಂದಲೇ ಒಳಗೆ ಬರಬಹುದು ಎಂದು ಅದು ತಿಳಿಸಿತು. ಒತ್ತಿದೊಡನೆ ಪಾಸ್‌ವರ್ಡನ್ನು ಕೇಳದೆಯೇ ಹೆಸರು ಹಿಡಿದು ಸ್ವಾಗತಿಸಿತು. ಹಾಗಾದರೆ ನಮ್ಮ ಪಾಸ್‌ವರ್ಡು ಆ ಅಂಗಡಿಯವರಿಗೂ ತಿಳಿದುಹೋಯಿತೇ?" ಎಂಬುದು ಅವರ ಪ್ರಶ್ನೆ. ಪ್ರಶ್ನೆಯು ಯುಕ್ತವಾದುದು; ತಿಳಿದಿಲ್ಲವೆಂಬುದೇ ಅದರ ಉತ್ತರವು. ಆದರೆ ಅಷ್ಟಕ್ಕೇ ನಿಲ್ಲಿಸುವುದು ಸಾಧುವಾಗಲಾರದು. ಏಕೆಂದರೆ ಇದೇ ವಿಷಯದಲ್ಲಿ ಹೋದ ವರ್ಷ ನಾವೊಂದು ಪಾಠವನ್ನು ಕಲಿತೆವು; ಅದರ ಬೆಲೆಯನ್ನು ತೆತ್ತವನು ಮಾತ್ರ ನಮ್ಮ ಶಿಷ್ಯನೊಬ್ಬನು.

ನಾವು ಶಾಲೆಯಲ್ಲಿದ್ದಷ್ಟು ಕಾಲವೂ ಜೂನ್ ತಿಂಗಳು ಬಂದಿತೆಂದರೆ, ಸುತ್ತಲಿನ ಹಳ್ಳಿಗಳಿಂದ ಬರುವ ಹುಡುಗರ ಬಸ್ ಪಾಸಿನ ಅರ್ಜಿಗಳಿಗೆ ರುಜು ಹಾಕಿ ಶಾಲೆಯ ಮೊಹರನ್ನು ಒತ್ತುವ ಕೆಲಸವು ನಮ್ಮ ಪಾಲಿಗೆ ಬರುತ್ತಿದ್ದಿತು. ಈತನು ನಮ್ಮಲ್ಲಿ ಓದುತ್ತಿರುವುದು ನಿಜವೆಂದು ನಾವು ಹೇಳುವೆವು. ಅದನ್ನು ನಂಬಿ ಸಾರಿಗೆಯವರು ಪಾಸನ್ನು ಕೊಡುವರು. ಪಾಸನ್ನು ನಂಬಿ ಕಂಡಕ್ಟರು ಹುಡುಗನನ್ನು ಹತ್ತಿಸಿಕೊಳ್ಳುವನು. ಕಂಡಕ್ಟರಿಗೆ ಹುಡುಗನ ತಂದೆಯ ಪರಿಚಯವಿಲ್ಲ. ನಮ್ಮ ಹಾಜರಿ ಪುಸ್ತಕವನ್ನು ಅವನು ಕಂಡವನೂ ಅಲ್ಲ. ಅವನು ನೋಡತಕ್ಕವು ನಾಲ್ಕೇ ಸಂಗತಿಗಳು: ಇದನ್ನು ಕೊಟ್ಟವರಾರು, ಇದು ಯಾರದು, ಯಾವ ಮಾರ್ಗಕ್ಕೆ, ಯಾವ ತಾರೀಖಿನವರೆಗೆ. ನಾಲ್ಕೂ ಸರಿಯಾಗಿದ್ದರೆ, ಕಚೇರಿಯನ್ನು ವಿಚಾರಿಸದೆಯೇ ಅವನು "ರೈಟ್" ಎನ್ನುವನು.

ಜಾಲತಾಣಗಳ ವ್ಯವಹಾರವೂ ಬಹುಮಟ್ಟಿಗೆ ಹೀಗೆಯೇ. ಜಾಲತಾಣವನ್ನು ನಡೆಸುವ ಗಣಕಯಂತ್ರಕ್ಕೆ ಒಂದು ವಿಚಿತ್ರವಾದ ಮರೆವುಂಟು. ಈಗ ಒಂದು ಪುಟವನ್ನು ಪಡೆದವರೇ ಮರುಕ್ಷಣದಲ್ಲಿ ಇನ್ನೊಂದನ್ನು ಕೇಳಿದರೆ, ಅವರೇ ಇವರು ಎಂದು ಅದಕ್ಕೆ ತಾನಾಗಿ ತಿಳಿಯದು. ಪುಟಪುಟಕ್ಕೂ ಪಾಸ್‌ವರ್ಡನ್ನು ಕೇಳುತ್ತಿದ್ದರೆ ಯಾರೂ ಅತ್ತ ಸುಳಿಯಲಾರರು. ಆದುದರಿಂದ ಅದು ಮೊದಲ ಸಲ ಗುರುತನ್ನು ವಿಚಾರಿಸಿ ಒಂದು ಚೀಟಿಯನ್ನು ಕೊಡುತ್ತದೆ; ನಮ್ಮ ಬ್ರೌಸರು ಅದನ್ನು ಪ್ರತಿಯೊಂದು ಕೋರಿಕೆಯೊಡನೆಯೂ ತೋರಿಸುತ್ತದೆ. ಈ ಚೀಟಿಗಳಲ್ಲಿ ಎರಡು ವಿಧ. ಒಂದು, ಹಿಂದೆ ಬ್ಯಾಂಕುಗಳಲ್ಲಿ ಹಣ ಪಡೆಯುವಾಗ ಕೊಡುತ್ತಿದ್ದ ಹಿತ್ತಾಳೆಯ ಬಿಲ್ಲೆಯಂತಹುದು. ಅದರ ಮೇಲಿರುವುದು ಅಂಕಿ ಮಾತ್ರ. ಅಂಕಿಯ ಅರ್ಥವೆಲ್ಲವೂ ಒಳಗಿನ ಪುಸ್ತಕದಲ್ಲಿರುವುದು. ಇನ್ನೊಂದು, ಬಸ್ ಪಾಸಿನಂತಹುದು. ತಿಳಿಯಬೇಕಾದುದೆಲ್ಲವೂ ಅದರ ಮೇಲೆಯೇ ಬರೆದು ಮೊಹರಾಗಿರುವುದು. ಈ ಎರಡನೆಯದನ್ನೇ ನಾವಿಲ್ಲಿ ಟೋಕನ್ ಎಂದು ಕರೆಯುವೆವು.

ಇನ್ನು ಸೋದರಿಯವರ ಪುಸ್ತಕದಂಗಡಿಗೆ ಬರೋಣ. ಅಂಗಡಿಯು ಅವರ ಗುರುತನ್ನು ತಾನೇ ವಿಚಾರಿಸಲಿಲ್ಲ. ನಿಮ್ಮನ್ನು ಬಲ್ಲವರ ಬಳಿ ಹೋಗಿಬನ್ನಿರೆಂದು ಅವರ ಬ್ರೌಸರನ್ನು ಅಂಚೆಯ ಖಾತೆಯ ಮನೆಗೆ ಕಳುಹಿಸಿತು. ಪಾಸ್‌ವರ್ಡನ್ನು ಕೇಳುವ ಅಧಿಕಾರವು ಈ ಒಂದು ಮನೆಗೆ ಮಾತ್ರ ಉಂಟು. ಸೋದರಿಯವರು ಮೊದಲೇ ಅಲ್ಲಿ ಒಳಗಿದ್ದುದರಿಂದ ಅದು ಮತ್ತೆ ಕೇಳಲಿಲ್ಲ. ಹೆಸರನ್ನೂ ವಿಳಾಸವನ್ನೂ ಅಂಗಡಿಗೆ ತಿಳಿಸಲು ಅವರ ಒಪ್ಪಿಗೆಯನ್ನು ಪಡೆದು, ಕೆಲವೇ ನಿಮಿಷಗಳು ಬಾಳುವ ಮತ್ತು ಒಂದೇ ಸಲ ನಡೆಯುವ ಒಂದು ಸಂಕೇತವನ್ನು ಕೊಟ್ಟು ಹಿಂದಕ್ಕೆ ಕಳುಹಿಸಿತು. ಅಂಗಡಿಯ ಯಂತ್ರವು ಆ ಸಂಕೇತವನ್ನು ತೋರಿಸಿ, ತಾನು ಇಂತಹವನೆಂದು ರುಜುವಾತುಪಡಿಸಿ, ಪರಿಚಯದ ಮನೆಯಿಂದ ನೇರವಾಗಿ ಟೋಕನನ್ನು ಪಡೆಯಿತು. ಮೊಹರು ನಿಜವೇ, ತನಗಾಗಿಯೇ ಕೊಟ್ಟದ್ದೇ, ಅವಧಿಯುಂಟೇ ಎಂಬುದನ್ನು ನೋಡಿಕೊಂಡು ಬಾಗಿಲನ್ನು ತೆರೆಯಿತು. ಪಾಸ್‌ವರ್ಡು ತನ್ನ ಮನೆಯ ಹೊಸಿಲನ್ನು ದಾಟಲೇ ಇಲ್ಲ. ಹೀಗೆ ಒಂದೆಡೆ ಗುರುತನ್ನು ಹೇಳಿ ಹಲವೆಡೆ ಪ್ರವೇಶಿಸುವ ಕ್ರಮಕ್ಕೆ 'ಸಿಂಗಲ್ ಸೈನ್ ಆನ್' ಎಂದು ಹೆಸರು. ನಮ್ಮ ದೇಶದ ಸರಕಾರಿ ಸೇವೆಗಳಿಗಾಗಿ ೨೦೨೨ರಲ್ಲಿ ಹೊರಟ 'ಮೇರಿ ಪೆಹಚಾನ್' ಎಂಬುದೂ ಈ ಜಾತಿಯದೇ.

ಇಲ್ಲಿ ಒಂದು ಸೂಕ್ಷ್ಮವನ್ನು ವಾಚಕರು ಮನಸ್ಸಿನಲ್ಲಿಡತಕ್ಕದ್ದು. ಪರಿಚಯದ ಮನೆಯ ಟೋಕನನ್ನು ಒಮ್ಮೆ ಒಪ್ಪಿದ ಮೇಲೆ, ಅಂಗಡಿಯು ತನ್ನದೇ ಆದ ಚೀಟಿಯೊಂದನ್ನು ಬರೆದು ಕೊಡುತ್ತದೆ. ಮುಂದೆ ಅಲ್ಲಿ ಸಲ್ಲುವುದು ಆ ಚೀಟಿಯೇ. ಅದರ ಅವಧಿ ಮುಗಿಯುವವರೆಗೆ ಅಂಗಡಿಯು ಪರಿಚಯದ ಮನೆಯನ್ನು ಮತ್ತೆ ವಿಚಾರಿಸಲೇಬೇಕೆಂಬ ನಿಯಮವಿಲ್ಲ.

ಈ ಉಪಾಯವು ತೀರ ಹೊಸದೆಂದು ತಿಳಿಯಬೇಕಾದುದಿಲ್ಲ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಮುದ್ರಾಧ್ಯಕ್ಷನೆಂಬ ಅಧಿಕಾರಿಯು ಒಂದು ಮಾಷಕವನ್ನು ಪಡೆದು ಪ್ರಯಾಣಿಕರಿಗೆ ಮುದ್ರೆಯನ್ನು ಕೊಡತಕ್ಕವನು. ಅದನ್ನು ದಾರಿಯಲ್ಲಿ ಪರೀಕ್ಷಿಸತಕ್ಕವನು ವಿವೀತಾಧ್ಯಕ್ಷನೆಂಬ ಬೇರೊಬ್ಬ ಅಧಿಕಾರಿ. ಮುದ್ರೆಯಿಲ್ಲದ ನಾಡಿಗನಿಗೆ ೧೨ ಪಣಗಳ ದಂಡ; ಕೂಟಮುದ್ರೆಯನ್ನು ತೋರಿಸಿದವನಿಗೆ ಅದಕ್ಕಿಂತ ಹೆಚ್ಚಿನದು. ಕೊಡುವವನು ಒಬ್ಬ, ನೋಡುವವನು ಇನ್ನೊಬ್ಬ ಎಂಬುದೇ ಇದರ ಮರ್ಮವು.

ಯಂತ್ರಗಳ ಲೋಕದಲ್ಲಿ ಇದಕ್ಕೆ ಹೆಸರಾದ ಪ್ರಯತ್ನವು ಅಮೆರಿಕದ ಮ್ಯಾಸಚೂಸೆಟ್ಸ್ ತಾಂತ್ರಿಕ ವಿದ್ಯಾಲಯದಲ್ಲಿ ನಡೆಯಿತು. ೧೯೮೩ರಲ್ಲಿ ಅಲ್ಲಿ 'ಅಥೀನಾ' ಎಂಬ ಯೋಜನೆಯು ಆರಂಭವಾಗಿ, ವಿದ್ಯಾರ್ಥಿಗಳು ಆವರಣದ ಯಾವ ಯಂತ್ರದ ಮುಂದಾದರೂ ಕುಳಿತು ಕೆಲಸ ಮಾಡುವಂತಾಯಿತು. ಆದರೆ ತಂತಿಯಲ್ಲಿ ಹರಿಯುವ ಪಾಸ್‌ವರ್ಡನ್ನು ನಡುವೆ ಕದ್ದು ಕೇಳುವವರ ಭಯವಿದ್ದಿತು. ಅದಕ್ಕಾಗಿ, ಒಮ್ಮೆ ಗುರುತನ್ನು ಹೇಳಿ ಕೆಲವು ಗಂಟೆಗಳವರೆಗೆ ಸಲ್ಲುವ ಟಿಕೆಟ್ಟುಗಳನ್ನು ಪಡೆಯುವ ಕ್ರಮವನ್ನು ರಚಿಸಿ, ಅದಕ್ಕೆ 'ಕೆರ್ಬೆರೋಸ್' ಎಂದು ಹೆಸರಿಟ್ಟರು. ಗ್ರೀಕರ ಕಥೆಗಳಲ್ಲಿ ಪ್ರೇತಲೋಕದ ಬಾಗಿಲನ್ನು ಕಾಯುವ ಮೂರು ತಲೆಯ ನಾಯಿಯ ಹೆಸರದು. ನಮ್ಮ ಋಗ್ವೇದದಲ್ಲಿಯೂ ಯಮನ ದಾರಿಯನ್ನು ಕಾಯುವ ಎರಡು ನಾಯಿಗಳುಂಟು. ಎರಡಕ್ಕೂ ನಾಲ್ಕು ನಾಲ್ಕು ಕಣ್ಣುಗಳು!

ಮುಂದೆ ೨೦೧೪ರಲ್ಲಿ 'ಓಪನ್ ಐಡಿ ಕನೆಕ್ಟ್' ಎಂಬ ನಿಯಮಾವಳಿಯೂ, ೨೦೧೫ರಲ್ಲಿ 'ಜೇಸನ್ ವೆಬ್ ಟೋಕನ್' ಎಂಬ ಟೋಕನಿನ ರೂಪವೂ ಸ್ಥಿರವಾದುವು. ಈ ಟೋಕನು ನಮ್ಮ ತ್ರಿಪದಿಯಂತೆ ಮೂರು ಭಾಗಗಳುಳ್ಳದ್ದು. ನಡುನಡುವೆ ಒಂದೊಂದು ಚುಕ್ಕಿ. ಮೊದಲನೆಯದು ಮೊಹರಿನ ಜಾತಿಯನ್ನು ಹೇಳುವುದು. ಎರಡನೆಯದರಲ್ಲಿ ಕಂಡಕ್ಟರನು ನೋಡುವಂತಹ ಸಂಗತಿಗಳೇ ಇರುವುವು. ಮೂರನೆಯದೇ ಮೊಹರು. ಇದು ಅಂಟಿಸಿದ ಲಕೋಟೆಯಲ್ಲ, ತೆರೆದ ಕಾರ್ಡು. ಸಾಮಾನ್ಯವಾಗಿ ಇದನ್ನು ಹಿಡಿದವರು ಯಾರಾದರೂ ಓದಬಲ್ಲರು. ಆದರೆ ಒಂದಕ್ಷರವನ್ನು ತಿದ್ದಿದರೂ ಮೊಹರು ಕೂಡಿಬರುವುದಿಲ್ಲ.

ಹಾಗಾದರೆ ಮೊಹರೇ ಕಳುವಾದರೆ ಏನು ಗತಿ? ವಿಶಾಖದತ್ತನ ಮುದ್ರಾರಾಕ್ಷಸ ನಾಟಕವನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾದುದಿಲ್ಲ. ಅಮಾತ್ಯ ರಾಕ್ಷಸನ ಮುದ್ರೆಯುಂಗುರವು ಚಾಣಕ್ಯನ ಕೈಗೆ ಸಿಕ್ಕಿತು. ಅದನ್ನೊತ್ತಿದ ಕಪಟಲೇಖವೊಂದರಿಂದ ಮಲಯಕೇತುವಿಗೆ ರಾಕ್ಷಸನಲ್ಲಿದ್ದ ವಿಶ್ವಾಸವು ಮುರಿಯಿತು. ನಮ್ಮ ಕಾಲದಲ್ಲಿಯೂ ಇಂತಹುದು ನಡೆದುಹೋಗಿದೆ. ಮೈಕ್ರೋಸಾಫ್ಟ್ ಸಂಸ್ಥೆಯು ೨೦೧೬ರಲ್ಲಿ ಮಾಡಿದ್ದ ಮೊಹರಿನ ಕೀಲಿಯೊಂದು ಚೋರರ ವಶವಾಗಿ, ೨೦೨೩ರಲ್ಲಿ ಅದರಿಂದ ಹುಸಿ ಟೋಕನುಗಳನ್ನು ಸೃಷ್ಟಿಸಿ, ಅಮೆರಿಕದ ಸರಕಾರದ ಇಲಾಖೆಗಳೂ ಸೇರಿದಂತೆ ಇಪ್ಪತ್ತಕ್ಕೂ ಹೆಚ್ಚು ಸಂಸ್ಥೆಗಳ ಅಂಚೆಪೆಟ್ಟಿಗೆಗಳನ್ನು ಅವರು ತೆರೆದರು. ಯಾರ ಪಾಸ್‌ವರ್ಡೂ ಅವರಿಗೆ ಬೇಕಾಗಲಿಲ್ಲ.

ಇವು ದೊಡ್ಡವರ ಮನೆಯ ಕಳವುಗಳು. ನಮ್ಮಂತಹ ಗೃಹಸ್ಥರಿಗೆ ಒದಗುವ ಅಪಾಯವು ಇದಕ್ಕಿಂತ ಸರಳವಾದುದು. ಅದಕ್ಕೆ ನಾವೇ ದೃಷ್ಟಾಂತವಾದೆವು.

ಹೋದ ವರ್ಷ ಪಿಂಚಣಿಯ ಕಾಗದವೊಂದನ್ನು ಅಚ್ಚು ಮಾಡಿಸಲೆಂದು ಪೇಟೆಯ ಜೆರಾಕ್ಸ್ ಅಂಗಡಿಗೆ ಹೋಗಿ, ಅಲ್ಲಿಯ ಯಂತ್ರದಲ್ಲಿ ನಮ್ಮ ಅಂಚೆಪೆಟ್ಟಿಗೆಯನ್ನು ತೆರೆದೆವು. ಕಾಗದವು ಕೈಗೆ ಬಂದಿತು. ಪುಟವನ್ನು ಮುಚ್ಚಿ ಎದ್ದುಬಂದೆವು. ಪುಟವನ್ನು ಮುಚ್ಚುವುದು ಬೇರೆ, ಖಾತೆಯಿಂದ ಹೊರಬರುವುದು ಬೇರೆ ಎಂಬುದು ನಮಗೆ ಹೊಳೆಯಲಿಲ್ಲ. ನಮ್ಮ ಪಾಸ್‌ವರ್ಡಿನ ವಿಷಯದಲ್ಲಿ ನಮಗೆ ಹೆಮ್ಮೆಯೂ ಇದ್ದಿತು. ಅಮರಕೋಶದ ನಾಲ್ಕಾರು ಶಬ್ದಗಳನ್ನು ಹೆಣೆದು ಮಾಡಿದ ಅದನ್ನು ಯಾರೂ ಊಹಿಸಲಾರರೆಂದು ತಿಳಿದಿದ್ದೆವು. ಯಾರೂ ಊಹಿಸಲಿಲ್ಲ, ಊಹಿಸುವ ಅಗತ್ಯವೇ ಬೀಳಲಿಲ್ಲ. ನಮ್ಮ ತರುವಾಯ ಅದೇ ಆಸನದಲ್ಲಿ ಕುಳಿತ ಯಾವನೋ ಒಬ್ಬನು ನಮ್ಮ ಪೆಟ್ಟಿಗೆಯನ್ನು ಮತ್ತೆ ತೆರೆದನು. ಅದರಲ್ಲಿ ನಮ್ಮ ಹಳೆಯ ವಿದ್ಯಾರ್ಥಿಗಳು ನಡೆಸುವ ಜಾಲತಾಣದ ಕಾಗದವನ್ನು ಕಂಡು ಅಲ್ಲಿಗೂ ಹೋದನು. ಆ ತಾಣಕ್ಕೆ ನಮ್ಮ ಅಂಚೆಯ ಖಾತೆಯೇ ಗುರುತಾಗಿದ್ದುದರಿಂದ ಅದೂ ಬಾಗಿಲು ತೆರೆಯಿತು. ಶಿಷ್ಯರ ಹೆಸರುಗಳೆಲ್ಲವೂ ಅಲ್ಲಿದ್ದುವು.

ಎರಡು ದಿನಗಳ ಮೇಲೆ ಒಬ್ಬ ಶಿಷ್ಯನು ಗಾಬರಿಯಿಂದ ಫೋನು ಮಾಡಿ, "ಮೇಷ್ಟ್ರೇ, ಆಸ್ಪತ್ರೆಯಲ್ಲಿದ್ದೀರಂತೆ, ಹಣ ಬೇಕೆಂದು ಬರೆದಿದ್ದೀರಲ್ಲ" ಎಂದನು. ಆಗ ನಾವು ಮನೆಯ ಜಗುಲಿಯ ಮೇಲೆ ಕುಳಿತಿದ್ದೆವು. ಆ ರಾತ್ರಿಯೇ ನೆರೆಮನೆಯ ಹುಡುಗಿಯ ನೆರವಿನಿಂದ ಪಾಸ್‌ವರ್ಡನ್ನು ಬದಲಾಯಿಸಿ ನೆಮ್ಮದಿಯಾಗಿ ಮಲಗಿದೆವು. ಬೆಳಗಾದರೆ ನಮ್ಮ ಹೆಸರಿನಲ್ಲಿ ಇನ್ನೂ ಮೂವರಿಗೆ ಅದೇ ಬೇಡಿಕೆ ಹೋಗಿದ್ದಿತು!

"ತಾತ, ನಾವು ಅಂಚೆಪೆಟ್ಟಿಗೆಯ ಬೀಗವನ್ನು ಮಾತ್ರ ಬದಲಾಯಿಸಿದ್ದು. ಆ ತಾಣದವರು ಅವನಿಗೆ ತಮ್ಮದೇ ಪಾಸನ್ನು ಕೊಟ್ಟುಬಿಟ್ಟಿದ್ದಾರೆ. ಅದು ಇನ್ನೂ ನಡೆಯುತ್ತಿದೆ" ಎಂದಳು ಹುಡುಗಿ. ಆಗ ನಮಗೆ ಬಹಳ ಹಿಂದಿನ ಸಂಗತಿಯೊಂದು ನೆನಪಾಯಿತು. ಹುಡುಗನೊಬ್ಬನು ಆಗಸ್ಟಿನಲ್ಲಿಯೇ ಶಾಲೆಯನ್ನು ಬಿಟ್ಟನು. ನಾವು ಹಾಜರಿ ಪುಸ್ತಕದಿಂದ ಹೆಸರನ್ನು ಹೊಡೆದುಹಾಕಿದೆವು. ಆದರೂ ಅವನು ಬೇಸಗೆಯವರೆಗೆ ಅದೇ ಪಾಸಿನಲ್ಲಿ ಓಡಾಡುತ್ತಿದ್ದನು. ಕಂಡಕ್ಟರನದು ತಪ್ಪಲ್ಲ. ಪಾಸಿನ ಮೇಲಿನ ತಾರೀಖು ಇನ್ನೂ ಮುಗಿದಿರಲಿಲ್ಲ. ನಾವು ಸಾರಿಗೆಯವರಿಗೆ ತಿಳಿಸಿಯೂ ಇರಲಿಲ್ಲ. ಹುಡುಗಿಯು ಆ ತಾಣದಲ್ಲಿ 'ಎಲ್ಲ ಸಾಧನಗಳಿಂದ ಹೊರಬರು' ಎಂಬುದನ್ನು ಹುಡುಕಿ ಒತ್ತಿದ ಮೇಲೆಯೇ ಆ ಉಪದ್ರವವು ನಿಂತಿತು.

ಅಷ್ಟರಲ್ಲಿ ಟೈಲರ್ ಅಂಗಡಿಯನ್ನಿಟ್ಟು ಬಾಳುವ ಶಿಷ್ಯನೊಬ್ಬನು ೪,೦೦೦ ರೂಪಾಯಿಗಳನ್ನು ಕಳುಹಿಸಿಬಿಟ್ಟಿದ್ದನು. ನಾವು ಹಣವನ್ನು ತೆಗೆದುಕೊಂಡು ಅವನ ಅಂಗಡಿಗೇ ಹೋದೆವು. ಬಹಳ ಹೊತ್ತು ಅವನು ಮುಟ್ಟಲಿಲ್ಲ. "ಒಂದು ಸಲ ಫೋನು ಮಾಡಬಾರದಾಗಿತ್ತೇನಪ್ಪಾ?" ಎಂದು ಕೇಳಿದರೆ, "ನಿಮ್ಮ ಹೆಸರೇ ಇತ್ತಲ್ಲ ಮೇಷ್ಟ್ರೇ" ಎಂದನು. ನಮಗೆ ಉತ್ತರ ತೋಚಲಿಲ್ಲ. ಮೂವತ್ತು ವರ್ಷಗಳಿಗೂ ಮೀರಿ ಮಕ್ಕಳ ಅರ್ಜಿಗಳಿಗೆ ರುಜು ಹಾಕಿದ ನಾವು, ನಮ್ಮ ರುಜುವನ್ನೇ ಬೀದಿಯಲ್ಲಿ ಬಿಟ್ಟುಬಂದಿದ್ದೆವು.

ಆದುದರಿಂದ ವಾಚಕರಲ್ಲಿ ನಮ್ಮ ವಿಜ್ಞಾಪನೆಯು ಇಷ್ಟು. ಒಂದೇ ಗುರುತಿನಿಂದ ಹಲವೆಡೆ ಪ್ರವೇಶಿಸುವುದು ತಪ್ಪಲ್ಲ. ಹತ್ತು ಕಡೆ ಹತ್ತು ದುರ್ಬಲವಾದ ಪಾಸ್‌ವರ್ಡುಗಳನ್ನು ಇಡುವುದಕ್ಕಿಂತ ಅದು ಮೇಲು. ಆದರೆ ಆ ಒಂದು ಬಾಗಿಲಿಗೆ ಪಾಸ್‌ವರ್ಡಿನ ಜೊತೆಗೆ ಎರಡನೆಯ ಕಾವಲೂ ಇರಲಿ. ಮೊಬೈಲಿಗೆ ಬರುವ ಒ.ಟಿ.ಪಿ.ಯನ್ನು ಯಾರು ಕೇಳಿದರೂ ಹೇಳಬೇಡಿರಿ. ಹೊಸ ತಾಣವು ಒಪ್ಪಿಗೆಯನ್ನು ಕೇಳಿದಾಗ, ಅದು ಬಯಸುವುದು ಹೆಸರನ್ನೋ ಅಥವಾ ನಿಮ್ಮ ಕಾಗದಗಳನ್ನೆಲ್ಲ ಓದುವ ಹಕ್ಕನ್ನೋ ಎಂಬುದನ್ನು ಓದಿ ನೋಡಿರಿ. ಪರರ ಯಂತ್ರದಲ್ಲಿ ಖಾತೆಯನ್ನು ತೆರೆದರೆ, ಪುಟವನ್ನು ಮುಚ್ಚುವ ಮೊದಲು 'ಲಾಗ್ ಔಟ್' ಎಂಬುದನ್ನು ಒತ್ತಿರಿ. ಆ ಖಾತೆಯ ಮೂಲಕ ಹೊಕ್ಕ ತಾಣಗಳಲ್ಲಿಯೂ ಹಾಗೆಯೇ ಮಾಡಿರಿ. ನಿಮ್ಮ ಖಾತೆಯು ಯಾವ ಯಾವ ಯಂತ್ರಗಳಲ್ಲಿ ತೆರೆದಿದೆ, ಯಾವ ಯಾವ ತಾಣಗಳಿಗೆ ಅದು ಗುರುತಾಗಿದೆ ಎಂಬ ಪಟ್ಟಿಗಳು ಖಾತೆಯ ಸೆಟ್ಟಿಂಗ್ಸ್‌ನಲ್ಲಿ ಇರುವುವು. ತಿಂಗಳಿಗೊಮ್ಮೆ ಮನೆಯ ಲೆಕ್ಕವನ್ನು ನೋಡುವ ದಿನ ಅವನ್ನೂ ನೋಡಿರಿ. ಮೋಸವು ನಡೆದೇಹೋದರೆ ಪಾಸ್‌ವರ್ಡನ್ನು ಬದಲಾಯಿಸಿ ಸುಮ್ಮನಾಗದೆ, ಎಲ್ಲ ಕಡೆಗಳಿಂದಲೂ ಹೊರಬಂದು, ಹಣ ಹೋಗಿದ್ದರೆ ತಡಮಾಡದೆ ೧೯೩೦ ಎಂಬ ಸಂಖ್ಯೆಗೆ ಫೋನು ಮಾಡಿ ದೂರು ಕೊಡಿರಿ.

ಟೈಲರ್ ಶಿಷ್ಯನು ಕಡೆಗೆ ಹಣವನ್ನು ತೆಗೆದುಕೊಂಡನು. ಈಗ ನಾವು ಮೊಬೈಲಿನಲ್ಲಿ ಎರಡು ಸಾಲು ಬರೆದರೂ ಅವನು ಮೊದಲು ಫೋನು ಮಾಡಿ, ನಮ್ಮ ದನಿಯನ್ನು ಕೇಳಿ, ಅನಂತರವೇ ಉತ್ತರವನ್ನು ಬರೆಯುವನು. ಮೊದಮೊದಲು ನಮ್ಮ ಮನಸ್ಸಿಗೆ ನೋವಾಗುತ್ತಿದ್ದುದು ನಿಜ. ಈಗ ಅವನ ಫೋನು ಬರದಿದ್ದರೆ ನಾವೇ ಕಾಯುವೆವು.