ಬೆಚ್ಚಿಬೀಳಿಸಿದ ಸದ್ದು, ಒಗ್ಗಿಹೋದ ಸದ್ದು

ಜೇಬಿನಲ್ಲಿದ್ದ ಫೋನಿನ ಗುಂಡಿ ಒತ್ತಿಹೋಗಿ ಹಾಡು ಕಿವಿಗೆ ಅಪ್ಪಳಿಸುವುದು, ಮೆಲುದನಿಯ ಮಾತಿನ ನಡುವೆ ಜಾಹೀರಾತು ಅರಚುವುದು ಇಯರ್‌ಬಡ್ ಹಾಕಿಕೊಳ್ಳುವ ಯಾರಿಗೂ ಹೊಸದಲ್ಲ. ಎದೆ ಧಸಕ್ಕೆಂದು, ಬಡ್ ಕಿತ್ತು ಕೈಗೆ ಬಂದ ಮೇಲೆ ಎರಡು ಅನುಮಾನ ಹುಟ್ಟುತ್ತವೆ: ಹೆಡ್‌ಫೋನ್ ಕೆಟ್ಟಿತೇ? ಕಿವಿ ಕೆಟ್ಟಿತೇ? ಸಾಮಾನ್ಯವಾಗಿ ಎರಡೂ ಕೆಟ್ಟಿರುವುದಿಲ್ಲ. ಆದರೆ ನಾವು ಹೆದರಬೇಕಾದ ಸದ್ದು ಅದಲ್ಲವೇ ಅಲ್ಲ.

ಹೆಡ್‌ಫೋನಿನ ಒಳಗಿರುವುದು ತೆಳುವಾದ ಪೊರೆ, ಅದಕ್ಕೆ ಅಂಟಿದ ತಂತಿಯ ಸುರುಳಿ, ಒಂದು ಅಯಸ್ಕಾಂತ. ಸುರುಳಿ ಕಾದು ಸುಡಬೇಕು, ಇಲ್ಲವೇ ಪೊರೆ ಮಿತಿಮೀರಿ ಅದುರಬೇಕು. ಆಗ ಮಾತ್ರ ಹಾಳಾಗುತ್ತದೆ. ಫೋನಿನಿಂದ ಬರುವ ಅಲ್ಪ ವಿದ್ಯುತ್ತಿನ ಕ್ಷಣಕಾಲದ ಅಬ್ಬರ ಅದಕ್ಕೆ ಸಾಲದು. ದೊಡ್ಡ ಆಂಪ್ಲಿಫೈಯರ್‌ಗೆ ಸಿಕ್ಕಿಸಿದ್ದರೆ ಮಾತು ಬೇರೆ. ಮೆಲ್ಲಗೆ ಹಚ್ಚಿದಾಗ ಯಾವ ಬದಿಯೂ ಗರಗರ ಎನ್ನದಿದ್ದರೆ ಚಿಂತೆ ಬೇಡ.

ಕಿವಿಯ ಲೆಕ್ಕ ಬೇರೆ. ಒಳಗಿವಿಯ ಕಾಕ್ಲಿಯಾದಲ್ಲಿ ಸದ್ದನ್ನು ಹಿಡಿಯುವ ರೋಮಕೋಶಗಳಿರುವುದು ಸುಮಾರು 15,000. ಸತ್ತದ್ದು ಮತ್ತೆ ಹುಟ್ಟುವುದಿಲ್ಲ. 140 ಡೆಸಿಬೆಲ್ ಮುಟ್ಟುವ ಸಿಡಿತ, ಕಿವಿಯ ಪಕ್ಕದಲ್ಲೇ ಸಿಡಿದ ಪಟಾಕಿಯಂಥದ್ದು, ಒಂದೇ ಏಟಿಗೆ ಅವನ್ನು ಕೊಲ್ಲಬಲ್ಲದು. ಫೋನು ಅಷ್ಟು ದೂರ ಹೋಗದು. 100ರ ಆಸುಪಾಸಿನಲ್ಲಿ ನಿಲ್ಲುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ವಯಸ್ಕರು 80 ಡೆಸಿಬೆಲ್‌ನಲ್ಲಿ ವಾರಕ್ಕೆ 40 ಗಂಟೆ ಕೇಳಬಹುದು. ಪ್ರತಿ 3 ಡೆಸಿಬೆಲ್ ಏರಿದಂತೆ ಸಮಯ ಅರ್ಧವಾಗುತ್ತದೆ: 90ಕ್ಕೆ 4 ಗಂಟೆ, 100ಕ್ಕೆ ಸುಮಾರು 20 ನಿಮಿಷ. ಅಂದರೆ ಎರಡು ಸೆಕೆಂಡಿನ ಅಚಾತುರ್ಯಕ್ಕೆ ವಾರದ ಪಾಲಿನಲ್ಲಿ ಖರ್ಚಾದದ್ದು ಆರುನೂರರಲ್ಲಿ ಒಂದು ಪಾಲು.

ಅದೇ ಲೆಕ್ಕವನ್ನು ಬೆಂಗಳೂರಿನ ಬನಶಂಕರಿಯಿಂದ ಬಿಟಿಎಂ ಲೇಔಟ್ ಹಾಯ್ದು ಸಿಲ್ಕ್ ಬೋರ್ಡ್ ಕಡೆಗೆ ಹೋಗುವ ಬಸ್ಸಿಗೆ ಹಾಕಿ. ಹಾರ್ನು, ಎಂಜಿನ್ನು, ಮೇಲ್ಸೇತುವೆಯ ಕೆಳಗಿನ ಮೊರೆತ ಎಲ್ಲವನ್ನೂ ಮೀರಿಸಿ ಹಾಡು ಕೇಳಬೇಕೆಂದರೆ ವಾಲ್ಯೂಮ್ ಏರಿಸಲೇಬೇಕು. ಹೋಗಲು ಮುಕ್ಕಾಲು ಗಂಟೆ, ಬರಲು ಮುಕ್ಕಾಲು ಗಂಟೆ. ಐದು ದಿನಕ್ಕೆ ಏಳೂವರೆ ಗಂಟೆ. ಆ ವಾಲ್ಯೂಮ್ 90 ಡೆಸಿಬೆಲ್ ಆಗಿದ್ದರೆ ವಾರದ ಪಾಲಿನ ಹೆಚ್ಚುಕಡಿಮೆ ಎರಡರಷ್ಟು ಮುಗಿಯಿತು. ಯಾರೂ ಬೆಚ್ಚಲಿಲ್ಲ, ಯಾರೂ ಬಡ್ ಕೀಳಲಿಲ್ಲ.

ಇದೇ ನಾವು ಜಯನಗರದ ಗಲ್ಲಿಯಲ್ಲಿ ರಾತ್ರಿ 10ರ ಮೇಲೆ ಮೈಕು ಕೂಗಿದರೆ ಪೊಲೀಸರಿಗೆ ಫೋನ್ ಮಾಡುತ್ತೇವೆ. 2000ದ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬೆಲ್ ಎಂದು ಮಿತಿ ಹಾಕಿವೆ. ಪಕ್ಕದವರ ಮೈಕಿಗೆ ಕಾನೂನಿದೆ. ನಮ್ಮ ಕಿವಿಯೊಳಗಿನ ಮೈಕಿಗೆ ನಾವೇ ಪೊಲೀಸರು.

ಸಂಜೆ ಮಂಕಾದ ಕಿವಿ ಬೆಳಗ್ಗೆ ಸರಿಹೋಗುತ್ತದಲ್ಲ ಎನ್ನಬಹುದು. 2009ರಲ್ಲಿ ಸಂಶೋಧಕರಾದ ಶರೋನ್ ಕುಜಾವಾ ಮತ್ತು ಚಾರ್ಲ್ಸ್ ಲಿಬರ್ಮನ್ ಜೋರು ಸದ್ದಿಗೆ ಒಡ್ಡಿದ ಇಲಿಗಳಲ್ಲಿ ಕಂಡದ್ದು ಬೇರೆ: ಪರೀಕ್ಷೆಯಲ್ಲಿ ಕೇಳುವ ಶಕ್ತಿ ಮೊದಲಿನಂತಾದರೂ ರೋಮಕೋಶಕ್ಕೂ ನರಕ್ಕೂ ನಡುವಿನ ಕೊಂಡಿಗಳು ಕಡಿದುಹೋಗಿದ್ದವು. ಮನುಷ್ಯರಲ್ಲಿ ಇದು ಎಷ್ಟರ ಮಟ್ಟಿಗೆ ನಿಜ ಎಂಬ ಚರ್ಚೆ ನಡೆದೇ ಇದೆ. ಆದರೆ ‘ಸರಿಹೋಯಿತು’ ಅನ್ನಿಸುವುದೇ ಸಾಕ್ಷಿಯಲ್ಲ.

ಹಾಗೆಂದು ಹಾಡು ಬಿಡಬೇಕಿಲ್ಲ. ಕಿವಿಗೆ ಸರಿಯಾಗಿ ಕೂರುವ ರಬ್ಬರ್ ತುದಿ, ಹೊರಗಿನ ಗದ್ದಲ ತಗ್ಗಿಸುವ ಸೌಲಭ್ಯ ಇದ್ದರೆ ವಾಲ್ಯೂಮ್ ಏರಿಸುವ ಅಗತ್ಯವೇ ತಗ್ಗುತ್ತದೆ. ಹಠಾತ್ತನೆ ಒಂದು ಕಿವಿ ಕೇಳದಾದರೆ ಮಾತ್ರ ಅಂದೇ ಇಎನ್‌ಟಿ ವೈದ್ಯರ ಬಳಿ ಓಡಬೇಕು. ಉಳಿದವರು ಬಸ್ಸಿನಲ್ಲಿಟ್ಟ ವಾಲ್ಯೂಮನ್ನು ಮುಟ್ಟದೆ, ರಾತ್ರಿ ಮನೆಯಲ್ಲಿ ಅದೇ ಹಾಡು ಹಚ್ಚಿ ನೋಡಲಿ. ತಡೆಯಲಾರದೆ ಬಡ್ ಕಿತ್ತರೆ, ದಿನವೂ ಒಂದೂವರೆ ಗಂಟೆ ಕೇಳುತ್ತಿದ್ದುದು ಅದನ್ನೇ.