ತೊಟ್ಟಿಲ ಕೂಸು ಯಾರ ದಾಖಲೆ ತೋರಿಸಬೇಕು?

ತಾನು ಯಾವ ದೇಶದಲ್ಲಿ ಹುಟ್ಟಬೇಕೆಂದು ಯಾವ ಮಗುವೂ ತೀರ್ಮಾನಿಸುವುದಿಲ್ಲ. ತನ್ನ ಹೆತ್ತವರ ಬಳಿ ಎಂತಹ ವೀಸಾ ಇರಬೇಕೆಂದೂ ಅದು ಆರಿಸಿಕೊಳ್ಳುವುದಿಲ್ಲ. ಆದರೆ 2025ರ ಜನವರಿ 20ರಂದು ಎರಡನೇ ಬಾರಿಗೆ ಅಮೇರಿಕದ ಅಧ್ಯಕ್ಷ ಪದವಿಗೇರಿದ ಡೊನಾಲ್ಡ್ ಟ್ರಂಪ್ ಅದೇ ದಿನ ಸಹಿ ಹಾಕಿದ ಆದೇಶವೊಂದು ತೊಟ್ಟಿಲ ಕೂಸನ್ನೇ ಪ್ರಶ್ನಿಸಿತು. ತಾಯಿ ಅಕ್ರಮವಾಗಿ ನೆಲೆಸಿದ್ದರೆ ಅಥವಾ ತಾತ್ಕಾಲಿಕ ವೀಸಾದಲ್ಲಿದ್ದರೆ, ಜೊತೆಗೆ ತಂದೆಯು ಆ ದೇಶದ ಪೌರನೋ ಕಾಯಂ ನಿವಾಸಿಯೋ ಆಗಿರದಿದ್ದರೆ, ಅಲ್ಲಿ ಹುಟ್ಟುವ ಮಗುವಿಗೆ ಪೌರತ್ವವಿಲ್ಲ ಎಂಬುದು ಅದರ ಸಾರ. ಬೆಂಗಳೂರಿನಿಂದ ಎಚ್-1ಬಿ ವೀಸಾದಲ್ಲಿ ತೆರಳಿ, ಗ್ರೀನ್ ಕಾರ್ಡಿಗಾಗಿ ವರ್ಷಗಟ್ಟಲೆ ಕಾಯುತ್ತಿರುವ ದಂಪತಿಯ ಮಗುವೂ ಇದರ ವ್ಯಾಪ್ತಿಗೆ ಬರುತ್ತದೆ.

ಅಷ್ಟಕ್ಕೂ ಈ ಹಕ್ಕು ಯಾರದೋ ಔದಾರ್ಯದಿಂದ ಬಂದುದಲ್ಲ. ಕಪ್ಪು ಜನರು ಗುಲಾಮರಾಗಿರಲಿ, ಸ್ವತಂತ್ರರಾಗಿರಲಿ, ಅಮೇರಿಕದ ಪೌರರಾಗಲಾರರು ಎಂದು ಅಲ್ಲಿನ ಸುಪ್ರೀಮ್ ಕೋರ್ಟು 1857ರಲ್ಲಿ ಡ್ರೆಡ್ ಸ್ಕಾಟ್ ಪ್ರಕರಣದಲ್ಲಿ ತೀರ್ಪಿತ್ತಿತ್ತು. ಅಂತರ್ಯುದ್ಧದ ಬಳಿಕ, 1868ರಲ್ಲಿ ಸಂವಿಧಾನಕ್ಕೆ ತಂದ 14ನೇ ತಿದ್ದುಪಡಿಯು ಆ ಅನ್ಯಾಯವನ್ನು ಅಳಿಸಿತು. ಅಮೇರಿಕದಲ್ಲಿ ಹುಟ್ಟಿ ಅದರ ಅಧಿಕಾರ ವ್ಯಾಪ್ತಿಗೆ ಒಳಪಟ್ಟವರೆಲ್ಲರೂ ಪೌರರು ಎಂದು ಅದು ಸಾರಿತು. ಮುಂದೆ, ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಚೀನೀ ದಂಪತಿಗೆ ಹುಟ್ಟಿದ್ದ ವಾಂಗ್ ಕಿಮ್ ಆರ್ಕ್‌ನನ್ನು ಚೀನಾದಿಂದ ಮರಳುವಾಗ ಅಧಿಕಾರಿಗಳು ಬಂದರಿನಲ್ಲೇ ತಡೆದರು. ಚೀನೀಯರ ವಲಸೆಗೆ ಕಾನೂನೇ ನಿಷೇಧ ಹೇರಿದ್ದ ಕಾಲವದು. ಆದರೂ 1898ರಲ್ಲಿ ಸುಪ್ರೀಮ್ ಕೋರ್ಟು ಅವನ ಪೌರತ್ವವನ್ನು ಎತ್ತಿಹಿಡಿಯಿತು.

ಟ್ರಂಪ್ ಸರಕಾರದ ವಾದ ನಿಂತಿರುವುದು 'ಅಧಿಕಾರ ವ್ಯಾಪ್ತಿ' ಎಂಬ ಆ ಪದದ ಮೇಲೆ. ವಾಂಗ್‌ನ ಹೆತ್ತವರು ಅಲ್ಲಿ ಕಾಯಂ ನೆಲೆಸಿದ್ದರು, ಆದ್ದರಿಂದ ಆ ತೀರ್ಪು ಅಕ್ರಮ ಅಥವಾ ತಾತ್ಕಾಲಿಕ ವಾಸಿಗಳ ಮಕ್ಕಳಿಗೆ ಅನ್ವಯಿಸದು ಎಂಬುದು ಅದರ ನಿಲುವು. ಆದರೆ ಸಿಯಾಟಲ್‌ನ ನ್ಯಾಯಾಧೀಶರೊಬ್ಬರು ಮೂರೇ ದಿನಗಳಲ್ಲಿ ಈ ಆದೇಶವನ್ನು ಸಂವಿಧಾನಬಾಹಿರವೆಂದು ಕರೆದು ತಡೆದರು. ಅವರನ್ನು ನೇಮಿಸಿದ್ದು ರಿಪಬ್ಲಿಕನ್ ಪಕ್ಷದ್ದೇ ಅಧ್ಯಕ್ಷರಾಗಿದ್ದ ರೇಗನ್ ಎಂಬುದು ಗಮನಾರ್ಹ. 2025ರ ಜೂನ್‌ನಲ್ಲಿ ಸುಪ್ರೀಮ್ ಕೋರ್ಟು, ಕೆಳ ನ್ಯಾಯಾಲಯಗಳು ಇಡೀ ದೇಶಕ್ಕೆ ಅನ್ವಯಿಸುವಂತೆ ತಡೆಯಾಜ್ಞೆ ನೀಡುವ ಅಧಿಕಾರವನ್ನು ಮೊಟಕುಗೊಳಿಸಿತು. ಮೂಲ ಪ್ರಶ್ನೆಯನ್ನು ಮುಟ್ಟಲಿಲ್ಲ. ಆ ಪ್ರಶ್ನೆಯ ವಿಚಾರಣೆಗೆ ಅದು ಒಪ್ಪಿದ್ದು ಡಿಸೆಂಬರ್‌ನಲ್ಲಿ.

ಹೆರಿಗೆಗಾಗಿಯೇ ವಿಮಾನ ಹತ್ತಿ ಬರುವವರಿದ್ದಾರೆ, ಯೂರೋಪಿನಲ್ಲಿ ಇಂತಹ ಬೇಷರತ್ ಹಕ್ಕಿಲ್ಲ ಎಂದು ಆದೇಶದ ಬೆಂಬಲಿಗರು ಹೇಳುತ್ತಾರೆ. ಇದರಲ್ಲಿ ಸತ್ಯಾಂಶವಿಲ್ಲವೆಂದಲ್ಲ. ಬ್ರಿಟನ್ 1983ರಿಂದ ಈ ಹಕ್ಕನ್ನು ಕೈಬಿಟ್ಟಿದೆ. ಐರ್ಲೆಂಡ್ 2004ರ ಜನಮತಗಣನೆಯ ಮೂಲಕ ಅದೇ ಹಾದಿ ಹಿಡಿಯಿತು. ಆದರೆ ವೀಸಾದ ದುರುಪಯೋಗಕ್ಕೆ ವೀಸಾ ನಿಯಮದಲ್ಲೇ ಮದ್ದಿದೆ. ಅಮೇರಿಕ 2020ರಲ್ಲಿ ಅಂತಹ ನಿಯಮವನ್ನೂ ಮಾಡಿದೆ. ಹೆತ್ತವರು ತಪ್ಪೆಸಗಿದ್ದರೆ ಅದರ ಶಿಕ್ಷೆಯನ್ನು ಕೂಸು ಯಾಕೆ ಹೊರಬೇಕು?

ನಿಜವಾಗಿ, ಅಪಾಯ ವಲಸಿಗರಿಗಷ್ಟೇ ಸೀಮಿತವಲ್ಲ. ಹುಟ್ಟೊಂದೇ ಸಾಲದು ಎಂದಾದರೆ ಜನನ ಪ್ರಮಾಣಪತ್ರವೂ ಸಾಲದು. ಆಗ ಪ್ರತಿಯೊಬ್ಬ ತಾಯಿ-ತಂದೆಯೂ ಮೊದಲು ತಮ್ಮ ಸ್ಥಾನಮಾನವನ್ನು ಸಾಬೀತುಪಡಿಸಬೇಕಾಗುತ್ತದೆ. ಆ ಹೊರೆ ಎಲ್ಲರ ಮೇಲೆ ಬಿದ್ದರೂ, ಬಳಲುವವರು ಬಡವರು ಮತ್ತು ಅಧಿಕಾರಿಯ ಕಣ್ಣಿಗೆ ಪರಕೀಯರಂತೆ ಕಾಣುವವರು.

ಇದು ನಮಗೆ ಅಪರಿಚಿತ ಕಥೆಯಲ್ಲ. 1955ರ ಪೌರತ್ವ ಕಾಯ್ದೆಯ ಪ್ರಕಾರ ಭಾರತದಲ್ಲಿ ಹುಟ್ಟಿದವರು, ಕೆಲವು ಅಪವಾದಗಳನ್ನು ಬಿಟ್ಟರೆ, ಭಾರತೀಯರೇ ಆಗಿದ್ದರು. 1987ರ ಜುಲೈ 1ರಿಂದ ಹೆತ್ತವರಲ್ಲಿ ಒಬ್ಬರು ಪೌರರಾಗಿರಬೇಕೆಂದಾಯಿತು. 2004ರ ಡಿಸೆಂಬರ್ 3ರಿಂದ ಇಬ್ಬರೂ ಪೌರರಾಗಿರಬೇಕು, ಇಲ್ಲವೇ ಒಬ್ಬರು ಪೌರರಾಗಿದ್ದು ಇನ್ನೊಬ್ಬರು ಅಕ್ರಮ ವಲಸಿಗರಾಗಿರಬಾರದು ಎಂದಾಯಿತು. ಮೊದಲ ತಿದ್ದುಪಡಿ ತಂದದ್ದು ರಾಜೀವ್ ಗಾಂಧಿ ಸರಕಾರ. ಎರಡನೆಯದನ್ನು ತಂದದ್ದು ವಾಜಪೇಯಿ ಸರಕಾರ. ಪಕ್ಷ ಬೇರೆಯಾದರೂ ದಿಕ್ಕು ಒಂದೇ. ಅಸ್ಸಾಮಿನ ಪೌರತ್ವ ನೋಂದಣಿಗೆ 1971ರ ಪ್ರತ್ಯೇಕ ಗಡುವಿತ್ತು, ನಿಜ. ಆದರೆ ಹೆತ್ತವರ ಕಾಗದದ ಮೇಲೆ ಮಕ್ಕಳ ಭವಿಷ್ಯ ನಿಂತಾಗ ಏನಾಗುತ್ತದೆಂದು ಅದು ತೋರಿಸಿಕೊಟ್ಟಿತು. 2019ರ ಆಗಸ್ಟ್ 31ರಂದು ಪ್ರಕಟವಾದ ಪಟ್ಟಿಯಿಂದ 19 ಲಕ್ಷಕ್ಕೂ ಅಧಿಕ ಮಂದಿ ಹೊರಗುಳಿದರು. ಅವರಲ್ಲಿ ಹಿಂದೂಗಳೂ ಇದ್ದರು, ಮುಸ್ಲಿಮರೂ ಇದ್ದರು.

ಆದ್ದರಿಂದ ವಾಷಿಂಗ್ಟನ್‌ನ ಈ ವಿವಾದವನ್ನು ದೂರದ ಸುದ್ದಿಯೆಂದು ನಾವು ಮಡಚಿಡುವಂತಿಲ್ಲ. ನಮ್ಮ ಮನೆಗಳಲ್ಲಿ ಹುಟ್ಟುವ ಪ್ರತಿ ಮಗುವಿನ ಜನನವನ್ನು 21 ದಿನಗಳೊಳಗೆ ನೋಂದಾಯಿಸುವುದು, ಹೆಸರಿನ ಅಕ್ಷರಗಳು ಎಲ್ಲ ದಾಖಲೆಗಳಲ್ಲೂ ಒಂದೇ ರೀತಿ ಇರುವಂತೆ ನೋಡಿಕೊಳ್ಳುವುದು ನಮ್ಮ ಹೊಣೆ. ಆದರೆ ಕಾಗದವನ್ನು ಜೋಪಾನವಾಗಿಡುವುದೇ ಬೇರೆ, ಕಾಗದವೇ ಮನುಷ್ಯನೆಂದು ಒಪ್ಪಿಕೊಳ್ಳುವುದೇ ಬೇರೆ. ಮೊದಲನೆಯದು ವಿವೇಕ, ಎರಡನೆಯದಕ್ಕೆ, ಅದು ಅಮೇರಿಕದಲ್ಲಿರಲಿ ಭಾರತದಲ್ಲಿರಲಿ, ನ್ಯಾಯಪ್ರಿಯರು ತಲೆಬಾಗಬಾರದು.